ಮೇಲಿನ ಖರ್ಚು

ಫ್ಯಾನು ಮತ್ತೆ ನಿಂತಿತು, ಟೋಕನ್ ಮೂವತ್ತೊಂದು ಎಂದು ಕೂಗಿದರು, ನಮ್ಮದು ಮೂವತ್ತಾರು, ಬೀದರಿನ ಈ ನೋಂದಣಿ ಕಚೇರಿಯಲ್ಲಿ ಐದು ಟೋಕನ್ ಎಂದರೆ ಒಂದು ತಾಸೇ, ಎರಡೇ, ಅಷ್ಟರಲ್ಲಿ ಒಂದು ಲಕ್ಷ ಎಂಬತ್ತೆರಡು ಸಾವಿರ ಎಲ್ಲಿಂದ ಹುಟ್ಟಬೇಕು — ಬಾಗಿಲಲ್ಲಿ ದಲ್ಲಾಳಿ ಅಬ್ದುಲ ವಾಹೀದ ಗಡಿಯಾರ ನೋಡುತ್ತಾನೆ, ಕರಾರಿನ ಅವಧಿ ಇವತ್ತಿಗೆ ಮುಗಿಯುತ್ತದೆ, ನೋಂದಣಿ ಆಗದಿದ್ದರೆ ಮನೆಯೂ ಇಲ್ಲ, ಮುಂಗಡ ಕೊಟ್ಟ ಎರಡು ಲಕ್ಷವೂ ಇಲ್ಲ, ಭಾಲ್ಕಿ ಆಸ್ಪತ್ರೆಯಲ್ಲಿ ಏಳು ವರ್ಷ ಸೂಜಿ ಚುಚ್ಚಿ ಕೂಡಿಸಿದ್ದು, ಡಾಕ್ಟರು ಹೇಳಿದ ಡೋಸನ್ನು ಎರಡೆರಡು ಸಲ ಕೇಳಿ ಬರೆದುಕೊಳ್ಳುವವಳು ನಾನು, ಇದೊಂದು ಮಾತು ಯಾಕೆ ಕೇಳಲಿಲ್ಲ, ಛೀ. ಮನೆ ನೋಡಲು ಹೋದ ದಿನ ಮಾಳಿಗೆಯ ಮೇಲೆ ನಿಂತಿದ್ದೆವು, ಮುಂದೆ ಇನ್ನೊಂದು ಅಂತಸ್ತು ಬೇಕಾದರೆ ಇರಲಿ ಎಂದು ಕಂಬಗಳ ಸರಳು ಹಾಗೇ ಬಿಟ್ಟಿದ್ದರು, ಅವ್ವ ಒಂದನ್ನು ಹಿಡಿದು ಅಲುಗಿಸಿ ನೋಡಿದಳು, ಕೈಯ ಬಂಗಾರದ ಪಾಟ್ಲಿ ತಾಗಿ ಠಣ್ ಎಂದಿತು, ಔರಾದಿನ ಅಂಗನವಾಡಿಯಲ್ಲಿ ಪರರ ಮಕ್ಕಳಿಗೆ ಬೇಯಿಸಿ ಹಾಕಿ ಮಾಡಿಸಿಕೊಂಡ ಎರಡು ಪಾಟ್ಲಿ, ಇಲ್ಲಿ ನಿನ್ನ ಕೋಣಿ ವಿಶಾಖಾ, ಕಿಡಕಿ ಈ ಕಡಿ ಇಡಸೋಣು, ಅಂದಳು, ಆಗಲೇ ವಾಹೀದ ಅಂದ, ಇಪ್ಪತ್ನಾಲ್ಕು ಲಕ್ಷರಿ, ಮ್ಯಾಲಿನ ಖರ್ಚು ನಿಮ್ಮದು, ಅವ್ವ ಅಂದಳು, ಅಯ್ಯ, ಮ್ಯಾಲಿನ ಖರ್ಚು ನಮ್ಮದೇ ಅಲ್ಲೇನ್ರಿ, ಮತ್ಯಾರು ಕೊಡ್ತಾರ, ಮೂವರೂ ನಕ್ಕೆವು, ಅವನು ಸ್ಟ್ಯಾಂಪಿನ ಖರ್ಚಿಗೆ, ನಾವು ಮೇಲೆ ಕಟ್ಟದ ಕೋಣೆಗೆ.

ಮೂವತ್ಮೂರು, ಮೂವತ್ನಾಲ್ಕು — ಇವತ್ತು ಬೆಳಿಗ್ಗೆ ವಾಹೀದ ಬಿಡಿಸಿ ಹೇಳಿದ, ಸಿಸ್ಟರ್ ಬಾಯಾರ, ಸ್ಟ್ಯಾಂಪು, ರಜಿಸ್ಟ್ರಿ, ಬರೆಯೋರದು, ಎಲ್ಲಾ ತಗೊಳ್ಳೋರ ಮ್ಯಾಲೇರಿ, ಬ್ಯಾಂಕು ಮನಿ ಕಿಮ್ಮತ್ತಿಗಷ್ಟೇ ಸಾಲ ಕೊಡ್ತದ, ಎಲ್ಲ ಕೂಡಿಸಿದೆ, ಒಂದು ಲಕ್ಷ ಎಂಬತ್ತೆರಡು ಸಾವಿರ, ಅವ್ವ ಚಾ ಕುಡದ ಬರ್ತೇನಿ ಎಂದು ಎದ್ದವಳು, ಎಷ್ಟು ಹೊತ್ತಾಯಿತು, ಚಹಾಕ್ಕೆ ಇಷ್ಟು ಹೊತ್ತೇ, ಹೋಗಿ ಹುಡುಕಲೇ, ಹೋದರೆ ಟೋಕನ್ ತಪ್ಪುತ್ತದೆ, ಅವಳು ಬಂದರೆ ನೋಡುವುದೇ ಬೇಡ, ಮೊದಲು ಕಿವಿಗೆ ಗೊತ್ತಾಗುತ್ತದೆ, ಪಾಟ್ಲಿಯ ಸಪ್ಪಳ, ಚಿಕ್ಕವಳಿದ್ದಾಗ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು, ಯಾರೋ ಭುಜ ಮುಟ್ಟಿದರು, ಅವ್ವ, ಯಾವಾಗ ಬಂದಳು, ಕೇಳಿಸಲೇ ಇಲ್ಲವಲ್ಲ, ಸೆರಗಿನ ಗಂಟು ಬಿಚ್ಚಿ ನೋಟಿನ ಕಟ್ಟುಗಳನ್ನು ನನ್ನ ತೊಡೆಯ ಮೇಲೆ ಇಟ್ಟಳು, ತಗೊ, ಮ್ಯಾಲಿನ ಖರ್ಚು, ಎಂದು ನಗುತ್ತಾಳೆ, ಅವಳ ಕೈ ನೋಡಬಾರದು, ನಾನು ನೋಡುವುದಿಲ್ಲ, ಮೂವತ್ತಾರು, ಮೂವತ್ತಾರು ಯಾರ್ರೀ, ಏಳಬೇಕು, ಮಾಳಿಗೆಯ ಮೇಲೆ ಆ ಸರಳು, ಸರಳಿನ ಮೇಲೆ ಅವ್ವನ ಕೈ, ಠಣ್ —