ಮದುಮಗಳು ತೋರಿಸಿದ ದಾರಿ

ಗಂಡಿನ ಊರು ಮೊಗುಡಂಪಲ್ಲಿ ಇನ್ನೊಂದು ಹರದಾರಿ ಇರುವಾಗ, ಏರಿನ ನಡುವೆ ಮೋಟಾರು ಎರಡು ಸಲ ಕೆಮ್ಮಿ ನಿಂತಿತು. ಕೆಟ್ಟದ್ದೇನೂ ಇಲ್ಲವೆಂದು ಡ್ರೈವರ್ ರೇವಪ್ಪನಿಗೆ ಗೊತ್ತಿತ್ತು. ಈ ಹಳೆಯ ಗಾಡಿಗೆ ಪಂಪಿಲ್ಲ. ಮುಂದಿನ ಸೀಟಿನ ಕೆಳಗಿರುವ ಟಾಕಿಯಿಂದ ಪೆಟ್ರೋಲು ತಾನಾಗಿ ಇಂಜಿನ್ನಿಗೆ ಇಳಿಯಬೇಕು. ಲಡಾಯಿಯ ಕಾಲ, ರೇಷನ್ ಚೀಟಿಗೆ ಸಿಕ್ಕಷ್ಟು ಪೆಟ್ರೋಲು ಟಾಕಿಯ ತಳದಲ್ಲಿತ್ತು. ಗಾಡಿಯ ಮೂತಿ ಮೇಲಾದರೆ ಆ ಪೆಟ್ರೋಲು ಟಾಕಿಯ ಹಿಂಬದಿಗೆ ಸರಿದು ನಿಲ್ಲುತ್ತಿತ್ತು.

ಹಿಂದೆ ಕೂತವರು ಮದುಮಗಳು ತಾರಾಬಾಯಿ, ಅವಳ ಸೋದರತ್ತೆ ಶಾಂತಾಬಾಯಿ. ಉಳಿದವರೆಲ್ಲ ನಿನ್ನೆಯೇ ಬಂಡಿಗಳಲ್ಲಿ ಹೋಗಿದ್ದರು. ಹನ್ನೆರಡಕ್ಕೆ ಗಂಡಿನ ಮನೆಯ ಹಂದರದಲ್ಲಿ ಅಕ್ಕಿಕಾಳು ಬೀಳಬೇಕು. ತಪ್ಪಿದರೆ ಮುಂದಿನ ಮುಹೂರ್ತ ತಿಂಗಳಾಚೆ. ಅಲ್ಲಿಯವರೆಗೆ ಬೀಗರು ಮನಸ್ಸು ಬದಲಿಸದೆ ಇರುತ್ತಾರೆಂದು ಹೇಳುವವರು ಯಾರು?

ರೇವಪ್ಪ ಗಾಡಿಯನ್ನು ಏರಿನ ಬುಡಕ್ಕೆ ಜಾರಬಿಟ್ಟು, ಮೂತಿಯನ್ನು ಹೆಣ್ಣಿನ ತವರು ನಾರಾಯಣಖೇಡದ ಕಡೆ ತಿರುಗಿಸಿದ.

“ಎತ್ತಾಗ ಹೊಂಟಿ?” ಶಾಂತಾಬಾಯಿ ಅವನ ಹೆಗಲು ಹಿಡಿದಳು.

“ಹಿಂದಮುಂದ ಹತ್ತಿಸ್ತೀನ್ರಿ ಅವ್ವಾ. ಹಂಗಾದ್ರ ಪೆಟ್ರೋಲ್ ಇಂಜಿನ್ನಿಗಿ ಇಳಿತದ.”

“ಹುಚ್ಚ ಹಿಡದದೇನು? ಮದುಮಗಳು ಗಂಡನ ಊರಿಗಿ ಬೆನ್ನ ಕೊಟ್ಟು ಹೋಗ್ತಾಳಾ? ನಾಳಿಗೇ ತವರಿಗಿ ವಾಪಸ ಬರ್ತಾಳ! ಎತ್ತಗೋಳ ತಂದು ಗಾಡಿ ಎಳಸು.”

“ಎತ್ತ ತರಾದ್ರಾಗ ಅಲ್ಲಿ ಊಟನೂ ಮುಗಿತದ್ರಿ. ಏರಷ್ಟು ನೀವು ಇಳದು ನಡದ್ರ?”

“ಅರಿಷಿಣ ಹಚ್ಚಿದಾಕಿ ನಡುದಾರ್ಯಾಗ ಕಾಲ ಇಡಬಾರದು.”

ರೇವಪ್ಪ ಸೂರ್ಯನನ್ನು ನೋಡಿದ. ಬೆಳಗಿನಿಂದ ತಲೆ ಎತ್ತದಿದ್ದ ತಾರಾಬಾಯಿ ಸೀಟಿನ ಮೇಲೆ ಮೊಳಕಾಲೂರಿ, ಹಿಂದಕ್ಕೆ ತಿರುಗಿ ಕೂತಳು. ಬಟ್ಟೆಯ ಟಪ್ಪು ಮಡಚಿ ಇಳಿಸಿದ ಗಾಡಿ. ಎದುರಿಗೆ ಏರು ಪೂರಾ ಕಾಣುತ್ತಿತ್ತು.

“ಅತ್ತೀ, ಈಗ ನನ್ನ ಮಾರಿ ಯಾವ ಕಡಿ ಅದ?”

ಶಾಂತಾಬಾಯಿ ಅವಳನ್ನು ನೋಡಿದಳು, ದಾರಿಯನ್ನು ನೋಡಿದಳು. ತಾನೂ ತಿರುಗಿ ಕೂತಳು.

“ಬಿಡಪ್ಪಾ ಗಾಡಿ.”

ಗಾಡಿ ಹಿಂದಕ್ಕೆ ಹತ್ತತೊಡಗಿತು. ಆದರೆ ಇಬ್ಬರ ಬೆನ್ನು ಅಡ್ಡವಾಗಿ ರೇವಪ್ಪನಿಗೆ ದಾರಿ ಕಾಣಲಿಲ್ಲ.

“ತಂಗೀ, ನೀನ ಹೇಳಬೇಕವ್ವ.”

“ಎಡಕ್ಕ...” ಇಂಜಿನ್ನಿನ ಸದ್ದಿಗೆ ಅದು ಅವನ ಕಿವಿಗೆ ಮುಟ್ಟಲಿಲ್ಲ. ಗಾಲಿ ದಂಡೆಯ ಮಣ್ಣು ಕೆಡವಿತು.

“ಜೋರಲೆ ಒದರು!” ಶಾಂತಾಬಾಯಿ ಮೊಳಕೈಯಿಂದ ತಿವಿದಳು.

“ಎಡಕ್ಕ! ಇನ್ನಾ ಎಡಕ್ಕ! ತಗ್ಗ ಅದ, ನಿಂದ್ರಸು!”

ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು. ಅವಳು ಒದರಿದ ಹಾಗೆ ರೇವಪ್ಪ ಚಕ್ರ ತಿರುವಿದ.

ಏರಿನ ತುದಿಗೆ ಮುಟ್ಟಿ ಗಾಡಿ ಹೊರಳಿಸಿದಾಗ ಇಳಿಜಾರಿನಾಚೆ ಬಾಜಾಬಜಂತ್ರಿ ಕೇಳಿಸಿತು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಇಳಿದು ಬಂದರೆ, ಊರ ಅಗಸೆ ಬಾಗಿಲಲ್ಲಿ ಬೀಗರು ಆರತಿ ಹಿಡಿದು ನಿಂತಿದ್ದರು.

ಶಾಂತಾಬಾಯಿ ಅವಸರದಿಂದ ಸೋದರಸೊಸೆಯ ಸೆರಗನ್ನು ಮೂಗಿನ ತನಕ ಎಳೆದಳು.

“ಇನ್ನ ನಾಕ ದಿನ ಒದರಬ್ಯಾಡ.”