ಹೆಬ್ಬಲಸಿನ ನೆತ್ತಿ

ವಂಡ್ಸೆಯಿಂದ ಕೊಲ್ಲೂರಿಗೆ ಹೋಗುವ ರಸ್ತೆ ಬಿಟ್ಟು ಬಲಕ್ಕೆ ನಡೆದರೆ, ಹಳ್ಳ ದಾಟಿದ ಮೇಲೆ ದಟ್ಟ ಕಾಡು. 2003ರ ಬೇಸಗೆಯಲ್ಲಿ ಅಲ್ಲೊಂದು ಬಿಡಾರವಿತ್ತು. ಬ್ರಹ್ಮಾವರದ ಶ್ರೀವಾಣಿ ಎಂಬ ಹುಡುಗಿ ಧೂಪದ ಮರದ ಹೂವಿಗೆ ಯಾವ ಯಾವ ಜೀವ ಬರುತ್ತದೆಂದು ಅಧ್ಯಯನ ಮಾಡುತ್ತಿದ್ದಳು. ಮರದ ತುದಿಯಲ್ಲೇ ಹಲಗೆಯ ಅಟ್ಟಣಿಗೆ ಕಟ್ಟಿಸಿ, ಹೂ ಬಿಡುವ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಕೂರುತ್ತಿದ್ದಳು. ಹಗ್ಗ ಎಳೆದು ಅವಳನ್ನು ಮೇಲೇರಿಸುವ ಕೆಲಸ ಅಲ್ಲಿನವನೇ ಆದ ಕರಿಯನದು. ಅಡುಗೆಗೆ ಸಾಲಿಗ್ರಾಮದಿಂದ ಶಾಮರಾಯ, ಅವನ ಹೆಂಡತಿ ಗೋಮತಿ ಬಂದಿದ್ದರು. ದೇವಸ್ಥಾನದ ಅಡುಗೆಮನೆಯ ಹೊಗೆಯಲ್ಲೇ ಇಬ್ಬರ ಅರ್ಧ ಆಯುಷ್ಯ ಕಳೆದಿತ್ತು.

ಹೂವು ತುಂಬಿ ಬಂದ ವಾರವೇ ಶ್ರೀವಾಣಿ ಹಳ್ಳದ ಕಲ್ಲಿನ ಮೇಲೆ ಜಾರಿ ಕಾಲು ಮುರಿದುಕೊಂಡಳು. ಕುಂದಾಪುರಕ್ಕೆ ಹೋಗಿ ಪಟ್ಟಿ ಹಾಕಿಸಿಕೊಂಡು ಬಂದವಳು ಜಗಲಿಯಲ್ಲಿ ಕೂತು, ಗಂಜಿ ಮುಟ್ಟದೆ, ಮರದ ಕಡೆಗೇ ನೋಡುತ್ತಿದ್ದಳು. ಈ ಹೂವು ಉದುರಿದರೆ ಮತ್ತೆ ಒಂದು ವರ್ಷ ಕಾಯಬೇಕು. ಬಡಿಸುತ್ತಿದ್ದ ಗೋಮತಿ ಸೌಟು ಕೆಳಗಿಟ್ಟಳು.

"ನಾ ಹೋಗಿ ಕೂಕಂತೆ. ಎಂತ ಕಾಣ್ಕ್ ಅಂತ ನೀ ಹೇಳ್, ಸಾಕ್."

ಯಾಕೆ ಹಾಗೆ ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ. ದಿನವೂ ನೀರಿಗೆ ಹೋಗುವಾಗ ದಾರಿಯ ತುಂಬ ಬಿದ್ದಿರುತ್ತಿದ್ದ ಬಿಳಿ ಹೂಗಳನ್ನು ನೋಡಿ ತಲೆಯೆತ್ತುತ್ತಿದ್ದಳು. ಎಲೆಯ ಮೇಲೆ ಎಲೆ, ಕತ್ತಲ ಮೇಲೆ ಕತ್ತಲು; ಹೂವು ಮಾತ್ರ ಒಂದೂ ಕಾಣುತ್ತಿರಲಿಲ್ಲ.

ಶಾಮರಾಯ ಊಟ ಮುಗಿಸಿದ. ಕೈತೊಳೆದು ಬಂದು, "ಅಲ್ಲ್ ಮೇಲೆ ನಿಂಗೆಂತ ಕೆಲ್ಸ?" ಎಂದ.

"ಕೆಲ್ಸ ಇತ್ತ್, ಅದ್ಕೇ ಹೋಪುದ್."

ಮರುದಿನ ಅವಳು ಶ್ರೀವಾಣಿಯ ಚೂಡಿದಾರ ತೊಟ್ಟು, ನಾಚಿಕೆಯಿಂದ ಗಂಡನ ಮುಖ ನೋಡದೆ, ಸೊಂಟಕ್ಕೆ ಹಗ್ಗದ ಪಟ್ಟಿ ಬಿಗಿಸಿಕೊಂಡಳು. ಕರಿಯ ಹಗ್ಗ ಎಳೆದ. ನೆಲ ಮೆಲ್ಲಗೆ ಕೆಳಗಿಳಿಯಿತು. ಮೊದಲು ತಂಪು, ಒದ್ದೆ ಮಣ್ಣಿನ ವಾಸನೆ, ಸೊಳ್ಳೆಗಳ ಗುಂಯ್. ನಡುವೆ ಬಂದಾಗ ಗಾಳಿ ಶುರುವಾಯಿತು. ಕೊಂಬೆಯ ಕವಲುಗಳಲ್ಲಿ ತರಗೆಲೆ ಕೊಳೆತು ಮಣ್ಣಾಗಿ, ಆ ಮಣ್ಣಿನಲ್ಲಿ ಜರಿಗಿಡ, ಮರದ ಮೇಲೇ ಬೆಳೆಯುವ ಸೀತಾಳೆ ಹೂಗಿಡ, ಪುಟ್ಟದೊಂದು ಅತ್ತಿಯ ಸಸಿ. ಗೋಮತಿ ಕಣ್ಣು ಮುಚ್ಚಿದಳು. ತೆರೆದಾಗ ಬೆಳಕಿನೊಳಗಿದ್ದಳು.

ಸುತ್ತಲೂ ಮರಗಳ ನೆತ್ತಿ. ಎಲೆಗಳ ಏರಿಳಿತ ಪಡುವಣದವರೆಗೆ ಹೋಗಿ, ಕೊನೆಯಲ್ಲಿ ಕಡಲು ಬೆಳ್ಳಗೆ ಹೊಳೆಯುತ್ತಿತ್ತು. ಇಷ್ಟು ದಿನ ತಾನು ಗಂಜಿ ಬೇಯಿಸಿದ್ದು ಇದರ ಅಡಿಯಲ್ಲಿ ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಧೂಪದ ಹೂಗಳು ಅವಳ ಮೊಣಕಾಲಿನ ಮಟ್ಟದಲ್ಲೇ ಅರಳಿದ್ದವು. ಜೇನು ಬಂದು ಕೂತು ಎದ್ದು ಹೋಗುತ್ತಿತ್ತು.

ಆಮೇಲೆ ದಿನವೂ ಹೋದಳು. ಮಧ್ಯಾಹ್ನ ಶಾಮರಾಯ ಬುತ್ತಿಯನ್ನು ಹಗ್ಗಕ್ಕೆ ಕಟ್ಟಿ ಕಳಿಸುತ್ತಿದ್ದ. ಉಂಡು ಕೂತರೆ ತೂಕಡಿಕೆ ಬರುತ್ತಿತ್ತು. ಮರ ಆಡಿದಂತೆ ಅವಳೂ ಆಡುತ್ತಿದ್ದಳು. ಪಕ್ಕದ ಮುದಿ ಹೆಬ್ಬಲಸಿನ ಮರಕ್ಕೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳು ರೆಕ್ಕೆ ಬೀಸುವ ದೊಡ್ಡ ಸದ್ದಿನೊಡನೆ ಬಂದಿಳಿಯುತ್ತಿದ್ದವು. ಸಂಜೆ ಅವಳು ಕಂಡದ್ದನ್ನೆಲ್ಲ ಹೇಳಿದರೆ ಶ್ರೀವಾಣಿ ಬರೆದುಕೊಂಡು, ಆ ಹಕ್ಕಿಗಳು ಎಲ್ಲೋ ತಿಂದ ಹಣ್ಣಿನ ಬೀಜ ಇನ್ನೆಲ್ಲೋ ಹಾಕುತ್ತವೆಂದೂ, ಮಳೆಯ ಹೊಡೆತವನ್ನು ಮೊದಲು ಎಲೆಗಳು ತಾಳಿಕೊಂಡು ಆಮೇಲೆ ಹನಿ ಹನಿಯಾಗಿ ನೆಲಕ್ಕೆ ಬಿಡುತ್ತವೆಂದೂ ವಿವರಿಸುತ್ತಿದ್ದಳು. ಮಲಗಿದಾಗಲೂ ಗೋಮತಿಗೆ ಚಾಪೆ ಮೆಲ್ಲಗೆ ತೂಗಿದಂತಾಗುತ್ತಿತ್ತು.

ಒಂದು ರಾತ್ರಿ ಬೇಸಗೆಯ ಮೊದಲ ಮಳೆ ಸುರಿಯಿತು. ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅವಳು ಮೇಲೆ ಹೋಗಿ ಕೂತ ಸ್ವಲ್ಪ ಹೊತ್ತಿಗೆ ಕೆಳಗೆಲ್ಲೋ ಬೇರು ಹರಿದ ಸದ್ದು ಕೇಳಿಸಿತು. ನೀರು ಕುಡಿದು ಭಾರವಾಗಿದ್ದ ಹೆಬ್ಬಲಸಿನ ನೆತ್ತಿ, ಎದ್ದು ಹೊರಟವರಂತೆ, ನಿಧಾನವಾಗಿ ಆಚೆ ಸರಿಯಿತು. ಎರಡೂ ಮರಗಳಿಗೆ ಹಬ್ಬಿದ್ದ ಬಳ್ಳಿಗಳು ಬಿಗಿದವು. ಧೂಪದ ಮರ ಒಮ್ಮೆ ಅದರ ಕಡೆಗೆ ಬಾಗಿ, ಬಳ್ಳಿ ತುಂಡಾದ ಕೂಡಲೇ ನೆಟ್ಟಗಾಯಿತು. ಗೋಮತಿ ಹಲಗೆಯನ್ನು ತಬ್ಬಿ ಮಲಗಿದಳು. ಕಾಡಿಡೀ ಗುಡುಗಿದಂತಾಗಿ ಆಮೇಲೆ ನಿಶ್ಶಬ್ದ. ಇಣುಕಿದರೆ ಹಸಿರಿನಲ್ಲಿ ದೊಡ್ಡ ತೂತು. ಅದರಾಳದಲ್ಲಿ, ಅವಳು ಈವರೆಗೆ ಮೇಲಿಂದ ಕಾಣದಿದ್ದ ನೆಲ, ಬಿಸಿಲಲ್ಲಿ ಹೊಗೆಯಾಡುತ್ತಿತ್ತು.

ಕೆಳಗಿಳಿದಾಗ ಶಾಮರಾಯ ಹಗ್ಗ ಹಿಡಿದು ನಿಂತಿದ್ದ. ಕರಿಯನ ಜೊತೆ ಅವನೂ ಹಗ್ಗ ಬಿಟ್ಟುಕೊಡುತ್ತ ಇಳಿಸಿದ್ದ, ಅಂಗೈ ಸುಲಿದಿತ್ತು.

"ಹೆದ್ರಿಕಿ ಆಯ್ತಾ?"

"ಆಯ್ತ್. ನಿಮ್ಗೆ?"

ಅವನು ಹಗ್ಗವನ್ನು ಕರಿಯನ ಕೈಗೆ ಕೊಟ್ಟ. "ಬಾ, ಕಾಂಬ" ಎಂದ.

ಇಬ್ಬರೂ ಬಿದ್ದ ಮರದ ಬಳಿ ಹೋದರು. ಅದರ ನೆತ್ತಿ ಈಗ ಅವರ ಎದೆಯ ಮಟ್ಟಕ್ಕಿತ್ತು. ಕೊಂಬೆ ಸರಿಸುತ್ತ ಒಳಹೊಕ್ಕರು. ಹೂವು ಬಿಟ್ಟ ಸೀತಾಳೆ, ಜೊಂಪೆ ಜರಿಗಿಡ, ಒಡೆಯದೆ ಉಳಿದ ಇರುವೆಗೂಡು. ಕವಲೊಂದರಲ್ಲಿ ಹಿಡಿಯಷ್ಟು ಮಣ್ಣಿತ್ತು. ಬೆರಳಿಂದ ಕೆದಕಿದರೆ ಎರೆಹುಳ.

ಶಾಮರಾಯ ಅದನ್ನು ಬಹಳ ಹೊತ್ತು ನೋಡಿದ. "ಇದ್ ಅಲ್ಲೇ ಹುಟ್ಟಿ ಅಲ್ಲೇ ಇದ್ದದ್ದಾ?"

"ಹೌದ್. ನೆಲ ಕಂಡದ್ ಇವತ್ತೇ."

ಅವನು ಎರೆಹುಳವನ್ನು ಮಣ್ಣಿನ ಸಮೇತ ಎತ್ತಿ ನೆಲದ ತಂಪಿಗೆ ಬಿಟ್ಟ. ಗೋಮತಿ ಸೀತಾಳೆಯ ಒಂದು ಬುಡ ಬಿಡಿಸಿ, ಬಾಳೆನಾರಿನಿಂದ ಪಕ್ಕದ ಮರಕ್ಕೆ ಕಟ್ಟಿದಳು. ಕಟ್ಟುವಾಗ ಗಂಡ ಅದನ್ನು ಹಿಡಿದುಕೊಂಡಿದ್ದ.

ಅವಳು ಆ ವಾರ ಮೇಲೆ ಹೋಗಲಿಲ್ಲ. ಆಮೇಲೆ ಹೋದಳು, ಕೊನೆಯ ಹೂವು ಉದುರುವವರೆಗೂ ಕೂತಳು. ಮುಂದಿನ ಬೇಸಗೆಗಳಲ್ಲಿ ಶ್ರೀವಾಣಿಯ ಕಾಲು ಸರಿಯಾಗಿದ್ದರೂ ಗೋಮತಿಯ ಪಾಳಿ ಇದ್ದೇ ಇತ್ತು. ಮರ ಬಿದ್ದ ಜಾಗದಲ್ಲಿ, ನೆರಳಲ್ಲಿ ವರ್ಷಗಟ್ಟಲೆ ಗೇಣುದ್ದವೇ ಉಳಿದಿದ್ದ ಸಸಿಗಳು ಬಿಸಿಲು ಕಂಡು ಒಂದಕ್ಕೊಂದು ಪೈಪೋಟಿಯಲ್ಲಿ ಎದ್ದವು. ಮೊದಲ ವರ್ಷ ಅವಳ ಸೊಂಟದವರೆಗೆ ಬಂದವು. ಮೂರನೆಯ ಬೇಸಗೆಗೆ ಗಂಡ ಹೆಂಡತಿ ಇಬ್ಬರೂ ಅವುಗಳ ನಡುವೆ ನಡೆದುಹೋದರೆ ಬಿಡಾರದಲ್ಲಿದ್ದವರಿಗೆ ಕಾಣುತ್ತಿರಲಿಲ್ಲ; ಮಾತು ಮಾತ್ರ ಕೇಳಿಸುತ್ತಿತ್ತು.