ಸೊಟ್ಟ ಕಿರುಬೆರಳು

ಕಲೆ ಸಮಾಜವನ್ನು ಬದಲಿಸಬಲ್ಲದೇ ಎಂದು ಯಾರಾದರೂ ಕೇಳಿದರೆ ಮುಕ್ಕಾಲು ಗಂಟೆ ನೀರು ಕುಡಿಯದೆ ಮಾತಾಡಬಲ್ಲೆ. ಹನ್ನೊಂದು ವರ್ಷದಿಂದ ಅದೇ ಭಾಷಣ, ಬಾಯಿಪಾಠವಾಗಿಬಿಟ್ಟಿದೆ. ಆದರೆ ಆ ದಿನ ಕಲಾಶಾಲೆಯ ಸಭಾಂಗಣದ ಕೊನೆಯ ಸಾಲಿನಲ್ಲಿ ಅಕ್ಕ ಕೂತಿದ್ದಳು. ಕರೆದವನು ನಾನೇ. ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು ಎಂದುಕೊಂಡೇ ಕರೆದಿದ್ದೆ.

ಅಕ್ಕ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಬರಿಗೈಯನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ ಅದ್ದಿ ಅಲ್ಲಿನ ಹೆಂಗಸರ ಚರ್ಮ ಸುಲಿದುಹೋಗುತ್ತಿತ್ತು. ಕೈಗವಸು ಕೇಳಿದರೆ ಮೇಲ್ವಿಚಾರಕ ನಕ್ಕು ಮುಂದೆ ಹೋಗುತ್ತಿದ್ದ. ಕಾರ್ಖಾನೆಯ ಎದುರಿನ ಗೋಡೆಯ ಮೇಲೆ ಆ ಕೈಗಳ ಚಿತ್ರ ಬರೆಯುತ್ತೇನೆ ಎಂದು ಅಕ್ಕನಿಗೆ ಹೇಳಿದೆ.

"ಬರಿ. ಆದ್ರೆ ನನ್ನ ಗುರುತು ಸಿಗಬಾರ್ದು ಕಣೋ. ಈ ಕೆಲಸ ಹೋದ್ರೆ ಮನೆ ನಡೆಯಲ್ಲ," ಎಂದಿದ್ದಳು.

ಮುಖ ಬರೆಯಲಿಲ್ಲ. ಅವಳ ಎರಡು ಕೈ ಮಾತ್ರ, ಆಳೆತ್ತರ. ಕೊಟ್ಟ ಮಾತು ಉಳಿಸಿಕೊಂಡೆ ಎಂದು ಬೀಗಿದೆ. ಆದರೆ ಅಕ್ಕನ ಎಡಗೈ ಕಿರುಬೆರಳು ಸೊಟ್ಟ. ಚಿಕ್ಕಂದಿನಲ್ಲಿ ಸಿಟ್ಟಿನ ಭರದಲ್ಲಿ ನಾನೇ ದಢಾರನೆ ಬಾಗಿಲು ಹಾಕಿ ಮುರಿದದ್ದು. ಬರೆಯುವಾಗ ಅದನ್ನು ನೆಟ್ಟಗೆ ಎಳೆಯಲು ಮನಸ್ಸು ಬರಲಿಲ್ಲ. ಕಂಡದ್ದನ್ನು ಕಂಡ ಹಾಗೇ ಬರೆಯಬೇಕೆಂಬ ಕೊಬ್ಬು ನನಗೆ. ಅಕ್ಕ ಎಡಚಿ. ದಿನಾ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಕಣ್ಣೆದುರೇ ಇರುತ್ತಿದ್ದ ಆ ಬೆರಳನ್ನು ಮೇಲ್ವಿಚಾರಕ ಒಂದೇ ನೋಟಕ್ಕೆ ಗುರುತು ಹಿಡಿದ.

ಅದೇ ವಾರ ಅವಳ ಕೆಲಸ ಹೋಯಿತು. ಆರು ತಿಂಗಳ ಮೇಲೆ, ಪತ್ರಿಕೆಗಳ ಗದ್ದಲಕ್ಕೆ ಹೆದರಿ, ಕಾರ್ಖಾನೆಯವರು ಎಲ್ಲರಿಗೂ ಕೈಗವಸು ಕೊಟ್ಟರು. ಎಲ್ಲರಿಗೂ ಅಂದರೆ ಒಳಗಿದ್ದವರಿಗೆ. ನನಗೆ ಹೆಸರು ಬಂತು. ಅಕ್ಕನನ್ನು ಬೇರೆ ಯಾವ ಕಾರ್ಖಾನೆಯವರೂ ಸೇರಿಸಿಕೊಳ್ಳಲಿಲ್ಲ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಭಾಷಣ ಮುಗಿಯಿತು. ಹಿಂದಿನ ಪರದೆಯ ಮೇಲೆ ಆ ಗೋಡೆಚಿತ್ರ ಇನ್ನೂ ಕಾಣುತ್ತಿತ್ತು. ಮುಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

"ಸರ್, ಆ ಕಿರುಬೆರಳು ಯಾಕೆ ಸೊಟ್ಟಗಿದೆ?"

ಇದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗಬೇಕು? ಅಕ್ಕನ ಕಡೆ ನೋಡಿ ಬಾಯಿ ತೆರೆದೆ.

"ನೋಡಮ್ಮಾ, ಆ ಬೆರಳು ಒಂದು ಸಂಕೇತ. ದುಡಿಯೋ ಜನ ಎಷ್ಟು ಬಗ್ಗಿದ್ರೂ ಮುರಿಯಲ್ಲ ಅನ್ನೋದಕ್ಕೆ..."

ಹನ್ನೊಂದು ವರ್ಷದ ಬಾಯಿಪಾಠ ತಾನೇ ತಾನಾಗಿ ಹೊರಬಿತ್ತು. ನಡುವೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಎಲ್ಲರೂ ತಲೆದೂಗುತ್ತಿದ್ದರು, ಹೇಳಲು ನಾಚಿಕೆಯಾಗುತ್ತದೆ, ಅದು ಹಿತವಾಗಿತ್ತು. ಚಪ್ಪಾಳೆ ಬಿತ್ತು. ಅಕ್ಕನೂ ತಟ್ಟಿದಳು.

ಹೊರಗೆ ಮೆಟ್ಟಿಲ ಬಳಿ ಅವಳು ಕಾಯುತ್ತಿದ್ದಳು. ನಾನು ವೇದಿಕೆಯ ಮೇಲೆ ಮರೆತು ಬಂದಿದ್ದ ಕನ್ನಡಕ ಅವಳ ಕೈಯಲ್ಲಿತ್ತು.

"ಚೆನ್ನಾಗಿ ಮಾತಾಡ್ತೀಯ ಕಣೋ," ಎಂದು ಅದನ್ನು ನನಗೆ ಕೊಟ್ಟಳು. ಆಮೇಲೆ ತನ್ನ ಕಿರುಬೆರಳನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡಳು.

"ಇಷ್ಟು ದಿನ ಇದು ಬಾಗಿಲಿಗೆ ಸಿಕ್ಕಿದ್ದು ಅಂತ್ಲೇ ಅಂದ್ಕೊಂಡಿದ್ದೆ ನೋಡು."